ದೋಣಿ ಕಟ್ಟಲು ಜಾಗವಿಲ್ಲದ ಬೇಸಿಗೆ

ಹೋದ ತಿಂಗಳು ಕಾರಿನ ಬಂಪರ್ ಸರಿಮಾಡಿಸಲು ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದಕ್ಕೆ ಹೋಗಿದ್ದೆ. ಪಕ್ಕದ ಶೆಡ್ಡಿನಲ್ಲಿ ಫೈಬರ್ ದೋಣಿಯೊಂದನ್ನು ಬೋರಲು ಹಾಕಿಕೊಂಡು ಇಬ್ಬರು ರೆಸಿನ್ ಎಂಬ ಅಂಟು ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹಲ್ಲುಗಳು ತಾವಾಗಿ ಕಚ್ಚಿಕೊಂಡವು. ಕೆಲವರಿಗೆ ವಾಸನೆಗಳಿಂದ ಅಮ್ಮನ ಅಡುಗೆಮನೆ ನೆನಪಾಗುತ್ತದಂತೆ. ನನಗೆ ನೆನಪಾದದ್ದು ಒಂದು ಬೇಸಿಗೆ, ಮತ್ತು ಆ ಬೇಸಿಗೆಯಲ್ಲಿ ನಾನು ದ್ವೇಷಿಸಿದ ಮನುಷ್ಯರು, ಒಬ್ಬೊಬ್ಬರಾಗಿ. ಅವರಲ್ಲಿ ಮೊದಲನೆಯವರು ನನ್ನ ಗಂಡ ದಿನಕರ.

ಅದು ಇಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷ. ಆಟ ನವೆಂಬರಿನಲ್ಲಿ, ದೋಹಾದ ಮನೆ ಮಾಲೀಕರಿಗೆ ಮಾತ್ರ ಮೇ ತಿಂಗಳಲ್ಲೇ ಜ್ವರ ಏರಿತ್ತು. ನಜ್ಮಾ ಬಡಾವಣೆಯಲ್ಲಿ ನಾವಿದ್ದ ಹಳೆಯ ಕಟ್ಟಡವನ್ನು ಯಾವುದೋ ಕಂಪನಿ ಇಡಿಯಾಗಿ ಗುತ್ತಿಗೆ ಹಿಡಿಯಿತು, ಆಟ ನೋಡಲು ಬರುವವರಿಗೆ ಕೊಡುವುದಕ್ಕೆ. ಒಂದು ಬೆಳಿಗ್ಗೆ ಲಿಫ್ಟಿನ ಬಾಗಿಲ ಮೇಲೆ ಕಾಗದ ಅಂಟಿಸಿದ್ದರು: ಜೂನ್ ಮಧ್ಯದೊಳಗೆ ಎಲ್ಲರೂ ಖಾಲಿ ಮಾಡಬೇಕು. ನಾವು ನೋಡಿದ ಪ್ರತಿ ಮನೆಯ ಬಾಡಿಗೆಯೂ ನಮ್ಮಿಬ್ಬರ ಕೈಗೆ ಎಟುಕದಷ್ಟು ಮೇಲಿತ್ತು. ಉಳಿದದ್ದು ಒಂದೇ ದಾರಿ. ದಿನಕರ ತಮ್ಮ ಕಂಪನಿಯ ಕ್ಯಾಂಪಿನಲ್ಲಿ ಆರು ಜನರ ರೂಮಿಗೆ ಹೋಗುವುದು, ನಾನು ಲೇಡೀಸ್ ಬೆಡ್‌ಸ್ಪೇಸ್, ಅಂದರೆ ಹೆಂಗಸರ ರೂಮಿನಲ್ಲಿ ಒಂದು ಮಂಚದಷ್ಟು ಬಾಡಿಗೆ ಜಾಗ, ಹುಡುಕಿಕೊಳ್ಳುವುದು. ಮದುವೆಯಾದ ಹೊಸದರಲ್ಲಿ ಎರಡು ವರ್ಷ ಹಾಗೆಯೇ ಇದ್ದವರು ನಾವು. ಶುಕ್ರವಾರ ಶುಕ್ರವಾರ ಮಾಲ್‌ನ ಬೆಂಚಿನ ಮೇಲೆ ಸಂಸಾರ ಮಾಡಿದ್ದೆವು. ಇನ್ನೊಂದು ಸಲ ಅದು ಆಗುವುದಿಲ್ಲ ಎಂದು ನಾನೇ ಹೇಳಿದ್ದೆ. ಆ ಮಾತನ್ನು ದಿನಕರ ಹೀಗೆ ಹಿಡಿದುಕೊಳ್ಳುತ್ತಾರೆಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಅವರು ಮಲ್ಪೆ ಕಡೆಯವರು, ದೋಣಿಯ ಎಂಜಿನ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ನಾನು ಮೈಸೂರಿನವಳು, ಮುಶೈರಿಬ್‌ನ ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ನಕ್ಷೆ, ಪತ್ರ, ಫೈಲುಗಳ ಲೆಕ್ಕ ಇಡುವವಳು. ಈಜು ಬಾರದು. ಚಾಮುಂಡಿ ಬೆಟ್ಟ ಹತ್ತಿ ಬೆಳೆದವಳಿಗೆ ನೀರೆಂದರೆ ನಲ್ಲಿಯಲ್ಲಿ ಬರಬೇಕಾದದ್ದು. ಅಂಥವಳನ್ನು ಅವರು ಜೂನ್ ಮೊದಲ ವಾರ ಒಂದು ಮರೀನಾಕ್ಕೆ, ಉಳ್ಳವರು ತಮ್ಮ ದೋಣಿಗಳನ್ನು ಕಟ್ಟುವ ಕಡೆಗೆ, ಕರೆದುಕೊಂಡು ಹೋಗಿ, ಸಾಲಿನ ಕೊನೆಯಲ್ಲಿ ಹಳದಿ ತಿರುಗಿದ್ದ ಒಂದು ಹಾಯಿದೋಣಿಯ ಮುಂದೆ ನಿಲ್ಲಿಸಿದರು. ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿದ್ದ ಡಚ್ ಎಂಜಿನಿಯರ್ ಒಬ್ಬ ಕೆಲಸ ಮುಗಿಸಿ ದೇಶ ಬಿಡುವಾಗ, ಎಂಜಿನ್ ಸತ್ತ ದೋಣಿಯನ್ನು ಕೊಳ್ಳುವವರಿಲ್ಲದೆ ಇವರ ಹೆಸರಿಗೆ ಬರೆದುಕೊಟ್ಟು ಹೋಗಿದ್ದ.

"ಮೂವತ್ತು ಅಡಿ ಉಂಟು. ಒಳಗೆ ಎರಡು ಮಂಚ, ಒಲೆ, ಸಿಂಕ್. ಕಕ್ಕಸು ಸಹ ಉಂಟು ಮಾರಾಯ್ತಿ," ಎಂದರು, ಮದುವೆಯ ದಿನವೂ ನಾನು ಕಾಣದ ಮುಖ ಹೊತ್ತು.

"ಬಾಡಿಗೆ?"

"ಮನೆಗೆ ಬಾಡಿಗೆ ಇಲ್ಲ. ಕಟ್ಟುವ ಜಾಗಕ್ಕೆ ಮಾತ್ರ. ಜೂನ್ ಕೊನೆವರೆಗೆ ಅವನೇ ದುಡ್ಡು ಕಟ್ಟಿದ್ದಾನೆ."

"ಆಮೇಲೆ?"

"ಆಮೇಲೆ ಎಂತ? ಇಷ್ಟು ದೊಡ್ಡ ಸಮುದ್ರ ಉಂಟು. ನಮ್ಮಲ್ಲಿ ಹೊಳೆ ಬದಿಯಲ್ಲಿ ಯಾರ ಮನೆ ಹಿತ್ತಲಲ್ಲಿ ಬೇಕಾದರೂ ದೋಣಿ ಕಟ್ಟಬಹುದು. ಕೇಳುವವರೇ ಇಲ್ಲ."

"ಇಲ್ಲಿ ಹೊಳೆ ಇಲ್ಲ ಕಣ್ರೀ. ಇಡೀ ದೇಶದಲ್ಲಿ ಒಂದೂ ಇಲ್ಲ."

ಅವರು ಕೇಳಿಸಿಕೊಳ್ಳಲಿಲ್ಲ. ಕ್ಯಾಂಪಿಗೂ ಬೆಡ್‌ಸ್ಪೇಸಿಗೂ ಹೋಲಿಸಿದರೆ ಇದೇ ಸರಿ ಎಂದು ನಾನೂ ಒಪ್ಪಿದೆ. ಒಪ್ಪಿದ್ದು ನಾನೇ ಎಂಬುದನ್ನು ಆ ಬೇಸಿಗೆಯುದ್ದಕ್ಕೂ ಅವರು ನನಗೆ ನೆನಪಿಸಿದರು, ನಾನು ಕೂಗಾಡಿದಾಗಲೆಲ್ಲ.

ಮರೀನಾದ ಎರಡು ವಾರವನ್ನು ಈಗ ನೆನೆದರೆ ಅದೇ ಒಳ್ಳೆಯ ಕಾಲ. ದಡದಿಂದ ಕರೆಂಟ್ ಸಿಗುತ್ತಿತ್ತು, ಅದರಿಂದ ಕಿಟಕಿಗೆ ಹಾಕುವಂಥ ಒಂದು ಸಣ್ಣ ಎಸಿ ಗೊರಗುಟ್ಟುತ್ತಿತ್ತು. ದಿನಕರ ಎಂಜಿನ್ ಬಿಚ್ಚಿ ಎರಡೇ ವಾರದಲ್ಲಿ ಜೀವ ತುಂಬಿದರು, ಬಿರುಕು ಬಿಟ್ಟ ಕಡೆಗಳಿಗೆಲ್ಲ ರೆಸಿನ್ ಬಳಿದರು. ನಾನು ಆ ವಾಸನೆಯಲ್ಲಿ ಎದ್ದು, ಆ ವಾಸನೆಯಲ್ಲೇ ಉಪ್ಪಿಟ್ಟು ತಿಂದು, ಕಾಟನ್ ಸೀರೆಗೆ ಅದನ್ನೇ ಪೂಸಿಕೊಂಡು ಆಫೀಸಿಗೆ ಹೋದೆ. ಪಕ್ಕದ ಸೀಟಿನ ಸುಮಾ, ಬೆಂಗಳೂರಿನವಳು, ಮೂರನೆಯ ದಿನ ಏನೂ ಹೇಳದೆ ತನ್ನ ಕಂಪ್ಯೂಟರ್ ಎತ್ತಿಕೊಂಡು ಕಿಟಕಿಯ ಬದಿಗೆ ಹೋಗಿ ಕೂತಳು. ಹೇಳಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು.

ಜೂನ್ ಮುಗಿಯಲು ಮೂರು ದಿನ ಇದ್ದಾಗ ಮರೀನಾದ ಮ್ಯಾನೇಜರ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಟ್ಯಾಬ್. ನಾನು ಹಾಯಿಕಂಬದಿಂದ ಕಟ್ಟಿದ್ದ ಹಗ್ಗದ ಮೇಲೆ ಎರಡು ಟವೆಲು, ಒಂದು ಲಂಗ ಒಣಗುತ್ತಿದ್ದವು. ಅವನು ನಮ್ಮನ್ನು ನೋಡಲಿಲ್ಲ, ಲಂಗವನ್ನು ನೋಡಿದ.

"ಇದು ಮರೀನಾ ಮೇಡಂ, ಲೇಬರ್ ಕ್ಯಾಂಪ್ ಅಲ್ಲ," ಎಂದ ಇಂಗ್ಲಿಷಿನಲ್ಲಿ. ಮುಂದಿನ ತಿಂಗಳಿಂದ ದರ ಹೊಸದು. ಅವನು ಹೇಳಿದ ದರಕ್ಕೆ ನಜ್ಮಾದ ಹಳೆಯ ಮನೆಯಂಥ ಎರಡು ಮನೆ ಬರುತ್ತಿದ್ದವು. ನವೆಂಬರಿಗೆ ಹೊರದೇಶದ ದೊಡ್ಡ ದೊಡ್ಡ ಯಾಟ್‌ಗಳು ಬರುತ್ತವೆ, ನಮ್ಮ ಜಾಗವನ್ನು ಅವು ಈಗಲೇ ಕಾದಿರಿಸಿವೆ ಎಂದ. ದಿನಕರ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ಕೈಮುಗಿದು ಒಂದು ತಿಂಗಳು ಕೇಳಿದರು. ಅವನು "ಖಲಾಸ್" ಎಂದು ಟ್ಯಾಬಿನ ಮೇಲೆ ಬೆರಳು ಎಳೆದ. ಅರ್ಧ ಗಂಟೆಯಲ್ಲಿ ನಮ್ಮ ದೋಣಿಗೆ ಬರುತ್ತಿದ್ದ ದಡದ ಕರೆಂಟ್ ಹೋಯಿತು. ಉಳಿದ ಮೂರು ದಿನ ಕ್ಯಾಬಿನ್ನಿನೊಳಗೆ ಮೇಣದಬತ್ತಿಗಳು ಹಚ್ಚದೆಯೇ ಬಾಗಿದವು.

ಆ ಮೂರು ದಿನ ನಾವು ನೋಡದ ಜಾಗವಿಲ್ಲ. ಒಂದು ಕ್ಲಬ್ಬಿನವರು ಸದಸ್ಯರಿಗೆ ಮಾತ್ರ ಎಂದರು. ಒಂದು ಹೋಟೆಲಿನವರು ಗೇಟಿನಲ್ಲೇ ನಮ್ಮ ಕಾರನ್ನು ತಿರುಗಿಸಿದರು. ಇನ್ನೊಂದು ಕಡೆ ದೋಣಿ ಇಡಬಹುದು, ಮನುಷ್ಯರು ಮಲಗುವಂತಿಲ್ಲ ಎಂಬ ನಿಯಮ. "ಮತ್ತೆ ನೀವು ಅದರಲ್ಲಿ ಇಡುವುದು ಎಂತದು?" ಎಂದು ದಿನಕರ ಕೇಳಿದ್ದಕ್ಕೆ ಅಲ್ಲಿನ ಗುಮಾಸ್ತ ನಕ್ಕುಬಿಟ್ಟ. ನಮಗೆ ನಗು ಬರಲಿಲ್ಲ.

ಕೊನೆಗೆ ಉತ್ತರದ ಅಲ್ ಖೋರ್. ಖೋರ್ ಎಂದರೆ ಕಡಲು ನೆಲದೊಳಕ್ಕೆ ನುಗ್ಗಿ ಮಾಡಿಕೊಂಡ ಹಿನ್ನೀರು. ಹೊಳೆಯಿಲ್ಲದ ನಾಡಿನಲ್ಲಿ ಹೊಳೆಗೆ ಹತ್ತಿರದ್ದು ಏನಾದರೂ ಇದ್ದರೆ ಅದೇ. ದಿನಕರ ಅದನ್ನು "ಅಳಿವೆ" ಎನ್ನುತ್ತಿದ್ದರು, ಮಲ್ಪೆಯದ್ದೇ ತುಂಡೊಂದು ತೇಲಿ ಬಂದಿದೆಯೇನೋ ಎಂಬಂತೆ. ಕೋಸ್ಟ್ ಗಾರ್ಡಿನಿಂದ ದೋಣಿ ಸಾಗಿಸುವ ಅನುಮತಿ ತೆಗೆದುಕೊಂಡು ಜುಲೈ ಒಂದರ ಬೆಳಿಗ್ಗೆ ಹೊರಟು, ಸಂಜೆಯ ಹೊತ್ತಿಗೆ ಅಲ್ಲಿನ ಮೀನುಗಾರಿಕೆ ದಕ್ಕೆಗೆ ಬಂದೆವು. ನಾನು ದಾರಿಯುದ್ದಕ್ಕೂ ಲೈಫ್ ಜಾಕೆಟ್ ತೊಟ್ಟು, ಕಂಬಕ್ಕೆ ಆತು ಕೂತಿದ್ದೆ. ಎರಡು ಸಲ ವಾಂತಿ ಮಾಡಿಕೊಂಡೆ. ದಿನಕರ ಹಾಡು ಹೇಳುತ್ತಿದ್ದರು.

ದಕ್ಕೆಯಲ್ಲಿ ಮರದ ಧೌ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ಮೂರು ಸಾಲು ನಿಂತಿದ್ದವು. ನೂರಾರು ಗಂಡಸರು, ಹೆಂಗಸು ನಾನೊಬ್ಬಳೇ. ಬಲೆ ಹೊಲಿಯುತ್ತಿದ್ದ ಕೈಗಳೆಲ್ಲ ನಿಂತವು. ನಮ್ಮ ದೋಣಿಯನ್ನು ಹೊರಸಾಲಿನ ಒಂದು ಧೌಗೆ ತಾಗಿಸಲು ಹೋದಾಗ ಅದರ ಮೇಲಿಂದ ಬನಿಯನ್ ತೊಟ್ಟ, ಐವತ್ತು ದಾಟಿದ ಒಬ್ಬರು ಹಿಂದಿಯಲ್ಲಿ ಬೈದರು. ಬೈಗುಳದ ನಡುವೆ ಒಂದು ತುಳು ಪದ ಜಾರಿತು. ದಿನಕರ ಕುಣಿದಾಡುವುದೊಂದು ಬಾಕಿ.

"ಅಣ್ಣಾ, ತುಳು ಬರ್ಪುಂಡಾ? ಯಾನ್ ಮಲ್ಪೆದಾಯೆ!"

ಆ ಮನುಷ್ಯ, ಸಂಜೀವಣ್ಣ, ಗಂಗೊಳ್ಳಿಯವರು, ಮಲ್ಪೆಯ ದೋಣಿಗಳಲ್ಲಿ ದುಡಿದು ತುಳು ಕಲಿತವರು. ಆ ಧೌಯ ನಖೋದಾ, ಅಂದರೆ ಅದನ್ನು ನಡೆಸುವವರು. ನಾನು ಇದ್ದೇನೆಂದು ಕನ್ನಡಕ್ಕೆ ಬಂದರು.

"ಮಲ್ಪೆಯವ ಆದರೆ ನನಗೆ ಎಂತ? ಇಲ್ಲಿ ಒಂದೊಂದು ದೋಣಿಗೂ ಪರವಾನಗಿ ಉಂಟು. ಚೆಕಿಂಗ್ ಬಂದರೆ ನಿಮ್ಮನ್ನು ಕೇಳುವುದಿಲ್ಲ, ನಿಮ್ಮನ್ನು ಕಟ್ಟಿಸಿಕೊಂಡವ ಯಾರು ಅಂತ ಕೇಳ್ತಾರೆ. ಹದಿನಾಲ್ಕು ಜನ ಇದ್ದಾರೆ ನನ್ನ ಧೌಯಲ್ಲಿ. ಊರು ಊರು ಅಂತ ಬರಬೇಡಿ."

"ಎರಡು ದಿನ, ಅಣ್ಣ. ಹೆಂಗಸು ಇದ್ದಾಳೆ."

"ಅದೇ ನನ್ನ ಎರಡನೇ ತೊಂದರೆ."

ಆದರೂ ಹಗ್ಗ ಹಿಡಿದರು. ಎರಡು ದಿನ ಹನ್ನೆರಡು ದಿನ ಆಯಿತು. ನಾನು ಬೆಳಗಿನ ಜಾವ ತಲೆಗೆ ದುಪಟ್ಟಾ ಸುತ್ತಿಕೊಂಡು, ಧೌಯಿಂದ ಧೌಗೆ ದಾಟಿ, ಮೀನಿನ ನೀರು ಮೆಟ್ಟಿ, ಮೊದಲೇ ತಂದು ನಿಲ್ಲಿಸಿದ್ದ ಕಾರಿಗೆ ಹೋಗುತ್ತಿದ್ದೆ. ಐವತ್ತು ಕಿಲೋಮೀಟರ್ ಓಡಿಸಿ ಆಫೀಸ್ ಕಟ್ಟಡದ ಜಿಮ್ಮಿನಲ್ಲಿ ಸ್ನಾನ. ಧೌಗಳ ಹುಡುಗರು ನನಗೆ ದಾರಿ ಬಿಡುತ್ತಿದ್ದರು, ಮುಖ ಬೇರೆ ಕಡೆ ತಿರುಗಿಸಿಕೊಂಡು. ಅದು ಮರ್ಯಾದೆಯೋ ಅಸಹ್ಯವೋ ನನಗೆ ತಿಳಿಯಲಿಲ್ಲ.

ಹದಿಮೂರನೆಯ ದಿನ ಶಮಾಲ್ ಗಾಳಿ ಎದ್ದಿತು. ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಈ ಗಾಳಿ ಮರಳನ್ನು ಹೊತ್ತು ತಂದು ಹಗಲನ್ನೇ ಕಂದು ಮಾಡುತ್ತದೆ. ರಜೆಯ ದಿನ, ಇಬ್ಬರೂ ಒಳಗಿದ್ದೆವು. ಸಂಜೀವಣ್ಣನ ಧೌ ಏರಿ ಏರಿ ನಮ್ಮ ಮೈಗೆ ಗುದ್ದುತ್ತಿತ್ತು. ಒಂದು ಗುದ್ದಿಗೆ ಸಿಂಕಿನ ಬದಿಯ ಒಳಗೋಡೆ ಬಿರುಕು ಬಿಟ್ಟಿತು. ದಿನಕರ ಟೈರುಗಳನ್ನು ನಡುವೆ ಇಳಿಬಿಡಲು ಮೇಲೆ ಹೋದರು. ಇದ್ದಕ್ಕಿದ್ದಂತೆ ಗುದ್ದು ನಿಂತು, ದೋಣಿ ಹಗುರಾಗಿ ಹಿಂದಕ್ಕೆ ಸರಿಯಿತು. ಹೊರಗೆ ತಲೆ ಹಾಕಿದಾಗ ಕಂಡದ್ದು: ಧೌ ದೂರವಾಗುತ್ತಿದೆ, ಅದರ ಅಂಚಿನಲ್ಲಿ ಮೀನು ಕತ್ತರಿಸುವ ಚೂರಿ ಹಿಡಿದು ಸಂಜೀವಣ್ಣ ನಿಂತಿದ್ದಾರೆ, ನಮ್ಮ ಹಗ್ಗದ ತುಂಡು ನೀರಿನಲ್ಲಿ ಎಳೆದಾಡುತ್ತಿದೆ.

ದಿನಕರ ಎಂಜಿನ್ ಹಚ್ಚುವುದರೊಳಗೆ ಗಾಳಿ ನಮ್ಮನ್ನು ಎತ್ತಿಕೊಂಡು ಹೋಗಿ ಖೋರಿನ ಕೆಸರಿಗೆ ತಳ್ಳಿತು. ದೋಣಿ ಒಂದು ಮಗ್ಗುಲಿಗೆ ವಾಲಿ ಕೂತಿತು. ನಾನು ಒಳಗೆ ಅಕ್ಕಿಡಬ್ಬಿ, ಫೈಲು, ಸ್ಟೌವ್‌ಗಳ ರಾಶಿಯ ಮೇಲೆ ಬಿದ್ದಿದ್ದೆ.

ಗಾಳಿ ಇಳಿದ ಮೇಲೆ ಧೌಯೊಂದು ಬಂದು ಹಗ್ಗ ಎಸೆಯಿತು. ಅದರ ಮೇಲೆ ಅದೇ ಸಂಜೀವಣ್ಣ. "ನಾಚಿಕೆ ಆಗಲ್ವಾ ನಿಮಗೆ? ಹೆಂಗಸು ಒಳಗಿದ್ದಾಳೆ ಅಂತ ಗೊತ್ತಿದ್ದೂ ಹಗ್ಗ ಕಡಿದ್ರಲ್ಲ! ಸತ್ತಿದ್ರೆ?" ಎಂದು ಚೀರಿದೆ.

"ಕಡಿದದ್ದು ನಾನೇ," ಎಂದರು ಅವರು, ದನಿ ಏರಿಸದೆ. "ನಿಮ್ಮನ್ನು ಉಳಿಸಲಿಕ್ಕೆ ಅಂತ ಸುಳ್ಳು ಹೇಳುವುದಿಲ್ಲ ಅಕ್ಕ. ನನ್ನ ಧೌಯ ಹಲಗೆ ಬಿಡುತ್ತಿತ್ತು. ಹಲಗೆ ಹೋದರೆ ಹದಿನಾಲ್ಕು ಜನರ ಈ ವರ್ಷ ಹೋಯಿತು. ಈಗ ಬಂದದ್ದೂ ನಿಮಗಾಗಿ ಅಲ್ಲ. ನೀವು ಬಿದ್ದದ್ದು ನಮ್ಮ ದಾರಿಯಲ್ಲಿ."

ಎಳೆದು ಆಳಕ್ಕೆ ಬಿಟ್ಟು ಹೋದರು. ದಕ್ಕೆಗೆ ಮತ್ತೆ ಬರಬೇಡಿ ಎಂದು ಹೇಳುವ ಅಗತ್ಯ ಅವರಿಗೂ ಇರಲಿಲ್ಲ.

ಉಳಿದ ಜುಲೈ, ಆಗಸ್ಟ್ ಪೂರ್ತಿ ನಾವು ಖೋರಿನ ಆಚೆ ತುದಿಯಲ್ಲಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಹತ್ತಿರ ಲಂಗರು ಹಾಕಿಕೊಂಡು ಕಳೆದೆವು. ಅಲ್ಲಿ ಕೇಳುವವರಿಲ್ಲ ಎಂದು ಮೊದಲಿಗೆ ಅನ್ನಿಸಿತು. ಕೇಳಲು ಸಮುದ್ರವೇ ಇತ್ತು. ಇಳಿತ ಬಂದಾಗಲೆಲ್ಲ ಅಡಿಯ ನೀರು ಸರಿದು ದೋಣಿ ಪಕ್ಕಕ್ಕೆ ಮಲಗುತ್ತಿತ್ತು. ನೆಲ ಗೋಡೆಯಾಗಿ, ಗೋಡೆ ಮಂಚವಾಗಿ, ಸಾರಿನ ಪಾತ್ರೆ ಜಾರಿ ಹಾಸಿಗೆಯ ಮೇಲೆ. ಆಫೀಸಿಗೆ ಹೋಗಬೇಕಾದರೆ ರಬ್ಬರ್ ತೆಪ್ಪದಲ್ಲಿ ಸ್ವಲ್ಪ ದೂರ, ಆಮೇಲೆ ಮೊಣಕಾಲವರೆಗೆ ಕೆಸರು. ಚಪ್ಪಲಿ ಕೈಯಲ್ಲಿ, ಲ್ಯಾಪ್‌ಟಾಪ್ ತಲೆಯ ಮೇಲೆ. ಗಾಳಿ ಸತ್ತು, ತೇವ ಒದ್ದೆ ಕಂಬಳಿಯಂತೆ ಮೈಗೆ ಅಂಟುವ ದಿನಗಳು. ಹೊದಿಕೆ, ಪುಸ್ತಕ, ಬೇಳೆ, ಪಾಸ್‌ಪೋರ್ಟ್ ಎಲ್ಲಕ್ಕೂ ಬೂಷ್ಟು.

ಒಂದು ದಿನ ಪಾಸ್‌ಪೋರ್ಟಿನ ಬೂಷ್ಟನ್ನು ಒರೆಸುತ್ತ ನಾನು ಕೇಳಿದೆ, "ಇನ್ನೂ ಎಷ್ಟು ದಿನ ಹೀಗೆ?"

"ನಮ್ಮ ಅಜ್ಜ ಇದಕ್ಕಿಂತ ಸಣ್ಣ ದೋಣಿಯಲ್ಲಿ ಜೀವನ ಮಾಡಿದ್ದಾರೆ. ನಾವು ನೀರಿನವರು, ಪದ್ಮಿನಿ. ನಿನಗೆ ಅರ್ಥ ಆಗುವುದಿಲ್ಲ."

"ನಿಮ್ಮಜ್ಜ ದಿನಾ ದಡಕ್ಕೆ ಬಂದು ಮನೇಲಿ ಮಲಗ್ತಿದ್ರು ಕಣ್ರೀ. ನಿಮ್ಮೂರಲ್ಲಿ ಯಾರಾದ್ರೂ ಹೆಂಡತೀನ ದೋಣೀಲಿ ಇಟ್ಟಿದ್ದು ನೋಡಿದ್ದೀರಾ? ನೀವು ನೀರಿನವರಲ್ಲ. ನೀವು ಹಟದವರು."

ಅವರ ಮುಖ ಕಪ್ಪಾಯಿತು. ಆ ದಿನದಿಂದ ಹನ್ನೊಂದು ದಿನ ನಾವು ಮಾತು ಬಿಟ್ಟೆವು. ಮನೆಯಲ್ಲಿ ಮಾತು ಬಿಟ್ಟರೆ ಬೇರೆ ಕೋಣೆಗೆ ಹೋಗಬಹುದು. ಮೂವತ್ತು ಅಡಿಯ ದೋಣಿಯಲ್ಲಿ ಮಾತು ಬಿಟ್ಟವರು ಒಬ್ಬರ ಮೊಣಕೈ ಒಬ್ಬರಿಗೆ ತಾಗಿಸಿಕೊಂಡೇ ಬಿಡಬೇಕು. ಅವರು ಉಸಿರಾಡುವ ಸದ್ದಿಗೂ ನನಗೆ ಮೈ ಉರಿಯುತ್ತಿತ್ತು. ಹನ್ನೆರಡನೆಯ ದಿನ ಮೌನ ಮುರಿದದ್ದು ನಾವಲ್ಲ, ಸರಕಾರಿ ದೋಣಿಯಲ್ಲಿ ಬಂದ ಇಬ್ಬರು. ಕಾಂಡ್ಲಾ ಕಾಡು ಸಂರಕ್ಷಿತ ಜಾಗ, ಇಲ್ಲಿ ಲಂಗರು ಹಾಕುವಂತಿಲ್ಲ, ಒಂದು ವಾರದಲ್ಲಿ ತೆಗೆಯಿರಿ ಎಂದರು. ಅವರು ನಮ್ಮೊಂದಿಗೆ ಸಭ್ಯವಾಗಿಯೇ ಮಾತಾಡಿದರು. ಆ ಬೇಸಿಗೆಯಲ್ಲಿ ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಬೈಯುವುದಕ್ಕೂ ಎಡೆ ಕೊಡಲಿಲ್ಲ.

ಈ ಸಲ ಜಾಗ ಹುಡುಕಿದವಳು ನಾನು. ನಮ್ಮ ಆಫೀಸಿನ ಫೈಲುಗಳಲ್ಲಿ ಉತ್ತರದ ತೀರದ ಒಂದು ಹೊಸ ರೆಸಾರ್ಟಿನ ನಕ್ಷೆಗಳಿದ್ದವು. ಅದರ ಜೆಟ್ಟಿ ಮುಗಿದು ಖಾಲಿ ನಿಂತಿದೆ ಎಂದು ಗೊತ್ತಿತ್ತು. ನಕ್ಷೆ ತಲುಪಿಸುವ ನೆಪದಲ್ಲಿ ಹೋಗಿ ಅಲ್ಲಿನ ಮ್ಯಾನೇಜರನ್ನು ಕಂಡೆ. ಸುಗಂಧ ಹಚ್ಚಿಕೊಂಡ, ಮೆಲುದನಿಯ ಮನುಷ್ಯ. ನನ್ನ ಫೋನಿನಲ್ಲಿದ್ದ ದೋಣಿಯ ಚಿತ್ರ ನೋಡಿ ಅವನ ಕಣ್ಣರಳಿತು. ಜೆಟ್ಟಿ ಬೋಳಾಗಿ ಕಾಣುತ್ತಿದೆ, ಪ್ರಚಾರದ ಫೋಟೋಗಳಿಗೆ ಹಾಯಿ ಬಿಚ್ಚಿದ ದೋಣಿಯೊಂದು ಬೇಕು ಎಂದ. ಬಾಡಿಗೆ ಬೇಡ. ಷರತ್ತುಗಳಿದ್ದವು: ದೋಣಿಗೆ ಹೊಸ ಬಿಳಿ ಬಣ್ಣ. ಬಟ್ಟೆ ಒಣಗಿಸುವಂತಿಲ್ಲ. ಒಗ್ಗರಣೆಯ ವಾಸನೆ ಬರುವಂತಿಲ್ಲ. ಅತಿಥಿಗಳಿದ್ದಾಗ ಡೆಕ್ಕಿನ ಮೇಲೆ ನಾವು ಕಾಣುವಂತಿಲ್ಲ.

"ನಾವು ಕಾಣಬಾರದು, ದೋಣಿ ಮಾತ್ರ ಕಾಣಬೇಕು," ಎಂದು ದಿನಕರರಿಗೆ ಹೇಳಿದೆ. ಅವರು ನಕ್ಕರು. "ಕಾಣದೆ ಇರುವುದು ನಮಗೆ ಹೊಸತಾ?" ಎಂದರು. ಅದೇ ವಾರ ರಜೆ ಹಾಕಿ ಬಣ್ಣ ಬಳಿದರು. ಜೆಟ್ಟಿಯಲ್ಲಿ ಕರೆಂಟ್ ಇತ್ತು, ಸಿಹಿನೀರಿನ ನಲ್ಲಿ ಇತ್ತು. ಮೂರು ವಾರ ನಾವು ಮತ್ತೆ ಗಂಡಹೆಂಡತಿಯಂತೆ ಮಾತಾಡಿದೆವು. ಮೆಣಸಿನಕಾಯಿ ಹುರಿಯದ ಸಾರನ್ನೂ ದಿನಕರ ಹೊಗಳಿದರು. ಇಲ್ಲೇ ಒಂದು ವರ್ಷ ಇರಬಹುದು ಎಂದು ಲೆಕ್ಕ ಹಾಕಿದರು. ನಾನೂ ಬೇಡವೆನ್ನಲಿಲ್ಲ.

ಸೆಪ್ಟೆಂಬರ್ ಕೊನೆಯ ಶುಕ್ರವಾರ ರೆಸಾರ್ಟಿನ ಮೊದಲ ಕಾರ್ಯಕ್ರಮ. ಮಧ್ಯಾಹ್ನ ಮೂರಕ್ಕೆ ಅತಿಥಿಗಳು, ಕ್ಯಾಮೆರಾದವರು. ಹೊರಗೆ ಹೋಗಿಬಿಡೋಣ ಎಂದೆ. ಗಾಳಿ ಹೆಚ್ಚಾದರೆ ಹಾಯಿ ಇಳಿಸಲು ತಾವು ದೋಣಿಯಲ್ಲೇ ಇರಬೇಕು ಎಂದರು ದಿನಕರ. ಜೆಟ್ಟಿಯ ಉದ್ದಕ್ಕೂ ಖುರ್ಚಿ ಹಾಕಿದ್ದರಿಂದ ನಾನೊಬ್ಬಳು ದಾಟಿ ಹೋಗುವಂತೆಯೂ ಇರಲಿಲ್ಲ. ಎಸಿಯ ಸದ್ದು ಸಂಗೀತಕ್ಕೆ ಅಡ್ಡಿ ಎಂದು ಮ್ಯಾನೇಜರ್ ಅದನ್ನು ನಿಲ್ಲಿಸಿದ, ಮೇಲಿನ ಬಾಗಿಲನ್ನೂ ಹಾಕಿಸಿದ. "ಒಂದು ಗಂಟೆ ಮಾತ್ರ," ಎಂದ.

ಒಂದು ಗಂಟೆ ಎರಡಾಯಿತು. ಹೊಸ ಬಣ್ಣದ ವಾಸನೆ, ಮುಚ್ಚಿದ ಪೆಟ್ಟಿಗೆ, ಹೊರಗೆ ನಲವತ್ತು ಡಿಗ್ರಿ. ಮೊದಲು ಬೆವರು ಹರಿಯಿತು, ಆಮೇಲೆ ಬೆವರೇ ನಿಂತುಹೋಯಿತು. ತಲೆಯ ಮೇಲೆ ಹಲಗೆಯ ಆಚೆ ಪಿಟೀಲು ನುಡಿಸುತ್ತಿದ್ದರು, ಗ್ಲಾಸುಗಳು ತಾಗುವ ಸದ್ದು ಬರುತ್ತಿತ್ತು. ನನ್ನ ನಾಲಿಗೆ ದಪ್ಪಗಾಗಿ, ಎದುರಿಗಿದ್ದ ಗಂಡನ ಮುಖ ಎರಡಾಗಿ ಕಾಣತೊಡಗಿತು.

"ರೀ, ನನ್ ಕೈಲಿ ಆಗ್ತಿಲ್ಲ. ಬಾಗಿಲು ತೆಗೀರಿ."

ಅವರು ಸಣ್ಣ ಕಿಟಕಿಯಿಂದ ಹೊರಗೆ ನೋಡಿದರು. "ಹತ್ತು ನಿಮಿಷ ಮಾರಾಯ್ತಿ. ಮುಗಿಯುತ್ತಾ ಬಂತು. ಈಗ ಹೊರಗೆ ಹೋದರೆ ಈ ಜಾಗವೂ ಹೋಯಿತು."

ಟ್ಯಾಬಿನ ಮೇಲೆ ಬೆರಳು ಎಳೆದ ಮರೀನಾದವನ ಮೇಲೆ, ಹಗ್ಗ ಕಡಿದ ಸಂಜೀವಣ್ಣನ ಮೇಲೆ ಬಂದ ಸಿಟ್ಟು ಆ ಕ್ಷಣದ ಸಿಟ್ಟಿನ ಮುಂದೆ ಏನೂ ಅಲ್ಲ. ಅವರು ಪರರು. ಇವರು ನನ್ನನ್ನು ನೋಡಿದರು, ದೋಣಿಯನ್ನು ನೋಡಿದರು, ಲೆಕ್ಕ ಹಾಕಿದರು. ನಾನು ಮೆಟ್ಟಿಲಿಗೆ ಮೊಣಕಾಲು ಕೊಟ್ಟು, ಎರಡೂ ಅಂಗೈಯಿಂದ ಬಾಗಿಲನ್ನು ಗುದ್ದಿ ತೆರೆದೆ. ಬೆಳಕಿಗೆ ಕಣ್ಣು ಕುರುಡಾಯಿತು. ಕಲೆ ಹಿಡಿದ ನೈಟಿಯಲ್ಲಿ, ಕೂದಲು ಬಿಚ್ಚಿಕೊಂಡು, ನೂರು ಜನರ ಎದುರು ಆ ಬಿಳಿ ಡೆಕ್ಕಿನ ಮೇಲೆ ತೆವಳಿ ಬಂದು ವಾಂತಿ ಮಾಡಿಕೊಂಡು ಬಿದ್ದೆ. ಪಿಟೀಲು ನಿಂತಿತು.

ಮ್ಯಾನೇಜರ್ ಓಡಿ ಬಂದ. "ಒಳಗೆ ಹೋಗಿ, ಒಳಗೆ ಹೋಗಿ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ಅಷ್ಟರಲ್ಲಿ ದಿನಕರ ಮೇಲೆ ಬಂದಿದ್ದರು. ಸುಡುತ್ತಿದ್ದ ನನ್ನ ಮೈ ಮುಟ್ಟಿ ನೋಡಿದರು. ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನನ್ನು ಇಡಿಯಾಗಿ ನನ್ನ ತಲೆಯ ಮೇಲೆ ಸುರಿದರು. ಹಾಯಿಯ ಅಂಚನ್ನು ಚೂರಿಯಿಂದ ಹರಿದು ಒದ್ದೆ ಮಾಡಿ ನನಗೆ ಸುತ್ತಿದರು. ಮ್ಯಾನೇಜರ್ ಅವರ ಭುಜ ಹಿಡಿದ. ದಿನಕರ ತಿರುಗಿ ತುಳುವಿನಲ್ಲಿ ಏನೋ ಅಬ್ಬರಿಸಿದರು. ಅರ್ಥ ಯಾರಿಗೂ ಆಗಲಿಲ್ಲ, ಆದರೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಅತಿಥಿಗಳಲ್ಲಿ ಒಬ್ಬಳು, ನರ್ಸ್ ಇದ್ದಿರಬೇಕು, ಐಸ್ ತುಂಬಿದ ಬಕೆಟ್ ತಂದು ಐಸನ್ನು ನನ್ನ ಕಂಕುಳಿಗೆ ಒತ್ತಿದಳು. ಉಳಿದವರು ಫೋಟೋ ತೆಗೆದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಬಂದಾಗ ಜೆಟ್ಟಿಯ ಗೇಟಿನಲ್ಲಿ ಸೆಕ್ಯುರಿಟಿಯವನು ಕಾಯುತ್ತಿದ್ದ. ಸಂಜೆಯೊಳಗೆ ಜಾಗ ಬಿಡಬೇಕು. ದಿನಕರ ವಾದ ಮಾಡಲಿಲ್ಲ. ಅರ್ಧ ಹರಿದ ಹಾಯಿಯನ್ನು ಸುತ್ತಿಟ್ಟು ಎಂಜಿನ್ ಹಚ್ಚಿದರು. ಇದ್ದದ್ದು ಒಂದೇ ದಾರಿ.

ಅಲ್ ಖೋರಿನ ದಕ್ಕೆಯಲ್ಲಿ ಸಂಜೀವಣ್ಣ ಎದ್ದು ನಿಂತರು. ದಿನಕರ ತಲೆ ತಗ್ಗಿಸಿದ್ದರು. ನಾನೇ ಕೂಗಿ ಹೇಳಿದೆ: "ಒಂದು ವಾರ. ದೋಣಿ ಮಾರಿಬಿಟ್ಟು ಹೋಗ್ತೀವಿ."

ದಿನಕರ ತಟ್ಟನೆ ನನ್ನ ಕಡೆ ನೋಡಿದರು. ಆಮೇಲೆ ಹಗ್ಗವನ್ನು ಧೌಯತ್ತ ಎಸೆದರು.

"ಒಂದು ವಾರ," ಎಂದರು ಸಂಜೀವಣ್ಣ ಹಗ್ಗ ಹಿಡಿದುಕೊಂಡು. "ಎಂಟನೇ ದಿನ ಇದ್ದರೆ ಪುನಃ ಕಡಿಯುತ್ತೇನೆ ಅಕ್ಕ. ಬೇಜಾರು ಮಾಡಬೇಡಿ."

ಆ ಬೇಸಿಗೆಯಲ್ಲಿ ನಮಗೆ ಸಿಕ್ಕ ಒಂದೇ ಒಂದು ಸ್ಪಷ್ಟ ಕರಾರು ಅದು.

ಮರುದಿನ ಆಫೀಸಿನಲ್ಲಿ ನಾನು ಸುಮಾಳ ಸೀಟಿನ ಹತ್ತಿರ ಹೋಗಿ ನಿಂತೆ. ಅವಳ ಫ್ಲ್ಯಾಟಿನಲ್ಲಿ ಅಡುಗೆಮನೆಯ ಹಿಂದೆ ಕೆಲಸದವರಿಗೆಂದು ಕಟ್ಟಿದ ಒಂದು ಚಿಕ್ಕ ಕೋಣೆ ಇತ್ತು. "ನಿಮ್ಮಿಂದ ಕೆಮಿಕಲ್ ವಾಸನೆ ಬರುತ್ತೆ ಪದ್ಮಿನಿ, ಅದಕ್ಕೇ ಸೀಟ್ ಬದಲಾಯಿಸಿದ್ದು," ಎಂದಳು ಮೊದಲು. ಆಮೇಲೆ, "ಸಾಮಾನೆಲ್ಲ ಹೊರಗಡೆ ಬಿಸಿಲಿಗೆ ಹಾಕಿ ತನ್ನಿ. ನಾನ್‌ವೆಜ್ ಬೇಡ. ಹೊಸ ವರ್ಷದವರೆಗೆ ಇರಿ," ಎಂದಳು. ಮೀನಿನ ಮನುಷ್ಯನನ್ನು ಹೇಗೆ ಒಪ್ಪಿಸುವುದು ಎಂದು ಯೋಚಿಸುತ್ತಲೇ ನಾನು ಹೂಂ ಎಂದೆ.

ಆರನೆಯ ದಿನ ದೋಣಿ ನೋಡಲು ಒಂದು ಜೋಡಿ ಬಂತು. ಇಲ್ಲಿನ ಯಾವುದೋ ಶಾಲೆಯ ಮೇಷ್ಟ್ರು, ಅವನ ಹೆಂಡತಿ. ಇಬ್ಬರಿಗೂ ಮೂವತ್ತರ ಒಳಗೆ. ಅವನು ಹಾಯಿಕಂಬವನ್ನು ಸವರುತ್ತಿದ್ದ. ಅವಳು ನನ್ನನ್ನು ಬದಿಗೆ ಕರೆದು ಇದರಲ್ಲಿ ವಾಸಮಾಡುವುದು ಹೇಗಿರುತ್ತದೆ ಎಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. ಕೆಸರು, ಬೂಷ್ಟು, ಮರೀನಾದ ದರ, ಮುಚ್ಚಿದ ಬಾಗಿಲು. ಒಂದನ್ನೂ ಬಿಡಲಿಲ್ಲ. ಅವಳು ಕೇಳಿ ಕೇಳಿ ನಕ್ಕಳು. ನಮಗೆ ಮಾರಲು ಮನಸ್ಸಿಲ್ಲ, ಅದಕ್ಕೇ ಹೆದರಿಸುತ್ತಿದ್ದೇನೆ ಎಂದುಕೊಂಡಳು. ಅವಳ ಒತ್ತಾಯದಿಂದಲೇ ಅವನು ಅಂದೇ ಮಾತು ಮುಗಿಸಿದ. ಏಳನೆಯ ದಿನ ಕಾಗದಗಳಾದವು. ಮಧ್ಯಾಹ್ನ ಅವರು ದೋಣಿ ಬಿಚ್ಚಿಕೊಂಡು ಹೊರಟರು.

ದಿನಕರ ದಕ್ಕೆಯ ತುದಿಯವರೆಗೂ ನಡೆದುಕೊಂಡು ಹೋದರು. ಹೊಸಬ ಎಂಜಿನ್ನಿಗೆ ಹೆಚ್ಚು ಡೀಸೆಲ್ ಕೊಟ್ಟು ಹೊಗೆ ಎಬ್ಬಿಸುತ್ತಿದ್ದ. ಅದನ್ನು ಕೂಗಿ ಹೇಳಲು ಬಾಯಿ ತೆರೆದು, ಮುಚ್ಚಿದರು. ಸಮಾಧಾನ ಹೇಳಬೇಕೆಂದು ನನಗೆ ಅನ್ನಿಸಲಿಲ್ಲ. ಅವರು ಕಾರಿನ ಹತ್ತಿರ ಬಂದು ಕೀಲಿ ತೆಗೆದಾಗ ಅವರ ಕಣ್ಣು ನೋಡಿದೆ. ಕೀಲಿಯನ್ನು ಅವರ ಕೈಯಿಂದ ತೆಗೆದುಕೊಂಡು ಡ್ರೈವರ್ ಸೀಟಿನಲ್ಲಿ ನಾನು ಕೂತೆ.

ದೊಡ್ಡ ರಸ್ತೆಗೆ ಸೇರಿ ಎಷ್ಟೋ ದೂರ ಬಂದಮೇಲೆ ಅವರು ಮುಂದಿನ ಗಾಜನ್ನೇ ನೋಡುತ್ತ ಹೇಳಿದರು: "ಆ ದಿನ ಹತ್ತು ನಿಮಿಷ ಅಂತ ನಾನು ಹೇಳಬಾರದಿತ್ತು."

"ಹೌದು," ಎಂದೆ. "ಹೇಳಬಾರದಿತ್ತು."

ಅವರು ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಕೊಡಲು ಆಗ ಏನೂ ಇರಲಿಲ್ಲ. ನಾನು ಎಸಿಯನ್ನು ಜಾಸ್ತಿ ಮಾಡಿ, ಅದರ ಗಾಳಿಯನ್ನು ಅವರ ಕಡೆಗೂ ತಿರುಗಿಸಿದೆ.